ಶ್ರಾವಕರ ಮನೆಯಲ್ಲಿ ಗಿನಿ ಪಿಗ್: ಆಹಾರ ಕ್ರಮ ಮತ್ತು ಪರ್ವದ ದಿನಗಳ ಎಚ್ಚರ

ಮಕ್ಕಳ ಒತ್ತಾಯಕ್ಕೆ ಮನೆಯಲ್ಲಿ ಗಿನಿ ಪಿಗ್ ಸಾಕುವ ರೂಢಿ ಈಗ ನಗರಗಳಲ್ಲಿ ಬಂದಿದೆ. ಇಂಥ ಮನೆಗಳಲ್ಲಿ ಜೈನ ಕುಟುಂಬಗಳೂ ಇವೆ. ನಾಯಿ, ಬೆಕ್ಕು ಸಾಕಿದರೆ ಮಾಂಸಾಹಾರದ ಪ್ರಶ್ನೆ ಬರುತ್ತದೆ, ಗಿನಿ ಪಿಗ್ ಹುಟ್ಟಿನಿಂದಲೇ ಸಸ್ಯಾಹಾರಿ, ಆದ್ದರಿಂದ ಶ್ರಾವಕರ ಮನೆಗೆ ತೊಂದರೆ ಇಲ್ಲ ಎಂಬುದು ಹಲವರ ಲೆಕ್ಕ. ಆ ಲೆಕ್ಕ ಸರಿಯಾದದ್ದೇ. ಆದರೆ ಸಸ್ಯಾಹಾರಿ ಎಂದ ಮಾತ್ರಕ್ಕೆ ಅಡುಗೆಮನೆಯಲ್ಲಿ ಇರುವುದೆಲ್ಲ ಅದಕ್ಕೆ ಆಗಿಬರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವ, ಚಾತುರ್ಮಾಸಗಳಲ್ಲಿ ಮನೆಯವರು ಹಸಿರು ಬಿಟ್ಟಾಗ, ಯಾರ ಗಮನಕ್ಕೂ ಬಾರದೆ ಈ ಪ್ರಾಣಿಯ ತಟ್ಟೆಯಿಂದಲೂ ಹಸಿರು ಹೋಗಿಬಿಡಬಹುದು. ಅದರಿಂದ ಅದಕ್ಕೆ ರೋಗ ಬರುತ್ತದೆ.

ಇದು ಯಾವ ಪ್ರಾಣಿ

ಹೆಸರಿನಲ್ಲಿ ಪಿಗ್ ಎಂದಿದ್ದರೂ ಇದು ಹಂದಿಯ ಜಾತಿಯಲ್ಲ. ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ್ದು. ಇದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ, ಅಂದರೆ ಇಂದಿನ ಪೆರು, ಬೊಲಿವಿಯಾ ಕಡೆ. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಇದನ್ನು ಸಾಕುತ್ತ ಬಂದಿದ್ದಾರೆ. 16ನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು. ಬೆಳೆದ ಪ್ರಾಣಿ ಸುಮಾರು 700 ಗ್ರಾಂನಿಂದ 1,200 ಗ್ರಾಂ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ 5ರಿಂದ 8 ವರ್ಷ ಬದುಕುತ್ತದೆ.

ಎತ್ತರದ ಹುಲ್ಲುಗಾವಲಿನ ಪ್ರಾಣಿಯಾದ್ದರಿಂದ ಇದರ ಹಲ್ಲು, ಹೊಟ್ಟೆ ಎರಡೂ ಹುಲ್ಲಿಗೆಂದೇ ಆಗಿವೆ. ಇದರ ಆಹಾರ ಕ್ರಮಕ್ಕೆ ಆಧಾರ ಇದೇ.

ಹುಲ್ಲೇ ಊಟ, ಉಳಿದದ್ದು ಪಲ್ಯ

ಗಿನಿ ಪಿಗ್ ತಿನ್ನುವ ಆಹಾರದಲ್ಲಿ ಹತ್ತರಲ್ಲಿ ಎಂಟು ಪಾಲು ಒಣಹುಲ್ಲೇ ಆಗಿರಬೇಕು. ಅದಕ್ಕೆ ಅಳತೆ ಇಲ್ಲ, ಹಗಲು ರಾತ್ರಿ ಎದುರಿಗೆ ಇರಬೇಕು. ಇದಕ್ಕೆ ಎರಡು ಕಾರಣ. ಮೊದಲನೆಯದು, ಇದರ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಜಗಿದಾಗ ಸವೆಯುತ್ತವೆ. ಸವೆಯದಿದ್ದರೆ ಉದ್ದ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚಿ, ಹಸಿವಿದ್ದರೂ ತಿನ್ನಲಾಗದ ಸ್ಥಿತಿ ಬರುತ್ತದೆ. ಎರಡನೆಯದು, ಇದರ ಕರುಳು ನಾರಿನ ಅಂಶ ಒಳಗೆ ಹೋಗುತ್ತಿದ್ದರೆ ಮಾತ್ರ ಚಲಿಸುತ್ತದೆ. ಅರ್ಧ ದಿನ ಹೊಟ್ಟೆ ಖಾಲಿ ಇದ್ದರೆ ಕರುಳು ನಿಂತು, ವಾಯು ತುಂಬಿ, ಪ್ರಾಣಕ್ಕೇ ಬರಬಹುದು. ಇದಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ.

ಅಂಗಡಿಗಳಲ್ಲಿ ಟಿಮೊಥಿ ಹುಲ್ಲು ಎಂದು ಸಿಗುವುದು ಬೆಳೆದ ಪ್ರಾಣಿಗೆ ಉತ್ತಮ. ಓಟ್ಸ್ ಹುಲ್ಲೂ ಆಗುತ್ತದೆ. ಔಷಧ ಸಿಂಪಡಿಸದ, ನಾಯಿಗಳು ಓಡಾಡದ ಜಾಗದ ಹಸಿ ಗರಿಕೆ ಹುಲ್ಲನ್ನು ತೊಳೆದು ಕೊಡಬಹುದು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ಮರಿಗಳಿಗೆ ಮತ್ತು ಗಬ್ಬದ ಪ್ರಾಣಿಗೆ ಒಳ್ಳೆಯದು. ಬೆಳೆದವಕ್ಕೆ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲು ಆಗುವ ಭಯ ಇದೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದನ್ನೇ ನಂಬಿಕೊಳ್ಳಬಾರದು. ಎಳೆಯ ಜೋಳದ ಪೈರು ದನಕ್ಕೇ ವಿಷವಾಗುತ್ತದೆ ಎಂಬುದು ಉತ್ತರ ಕರ್ನಾಟಕದ ರೈತರಿಗೆ ಗೊತ್ತಿರುವ ಮಾತು. ಅದನ್ನು ಈ ಪುಟ್ಟ ಪ್ರಾಣಿಗೂ ಕೊಡಬಾರದು.

ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ಹುಳ ಸೇರುತ್ತದೆ. ತಂದ ಹುಲ್ಲನ್ನು ಕೊಡವಿ, ನೋಡಿ, ಗಾಳಿಯಾಡುವ ಒಣ ಜಾಗದಲ್ಲಿ ಇಡಬೇಕು. ಇದರಿಂದ ಪ್ರಾಣಿಗೂ ಕ್ಷೇಮ, ತ್ರಸ ಜೀವಿಗಳ ಹಿಂಸೆಯೂ ತಪ್ಪುತ್ತದೆ.

ವಿಟಮಿನ್ ಸಿ: ಮನುಷ್ಯನಂತೆಯೇ ಇದಕ್ಕೂ ಬೇಕು

ನಾಯಿ, ಬೆಕ್ಕು, ಹಸು, ಎಮ್ಮೆಗಳ ದೇಹ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೂ ಗಿನಿ ಪಿಗ್‌ಗೂ ಆ ಶಕ್ತಿ ಇಲ್ಲ. ದಿನದ ಆಹಾರದಿಂದಲೇ ಬರಬೇಕು, ದೇಹದಲ್ಲಿ ಹೆಚ್ಚು ಕಾಲ ಶೇಖರವಾಗಿಯೂ ಉಳಿಯುವುದಿಲ್ಲ. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಗಬ್ಬದ ಪ್ರಾಣಿಗೆ, ಕಾಯಿಲೆ ಬಿದ್ದದ್ದಕ್ಕೆ ಹೆಚ್ಚಿನ ಅಳತೆಯೇ ಬೇಕು.

ಈ ವಿಷಯ ಲೋಕಕ್ಕೆ ತಿಳಿದ ಬಗೆ ಶ್ರಾವಕರು ಅರಿತಿರಬೇಕಾದದ್ದು. 1907ರಲ್ಲಿ ನಾರ್ವೆ ದೇಶದ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿ ಪಿಗ್‌ಗಳಿಗೆ ಬರೀ ಧಾನ್ಯದ ಆಹಾರ ಕೊಟ್ಟು ನೋಡಿದರು. ಅವಕ್ಕೆ ಸ್ಕರ್ವಿ ರೋಗ ಬಂತು. ತಾಜಾ ತರಕಾರಿ ಕೊಟ್ಟಾಗ ರೋಗ ತಡೆಯಿತು. ಹಿಂದೆ ಹಡಗಿನ ನಾವಿಕರನ್ನು ಸಾವಿರ ಲೆಕ್ಕದಲ್ಲಿ ಕೊಂದ ರೋಗ ಇದೇ. ಮುಂದೆ ವಿಟಮಿನ್ ಸಿಯನ್ನು ಗುರುತಿಸಲು ಈ ಪ್ರಯೋಗ ದಾರಿಯಾಯಿತು. ಮನುಷ್ಯರ ಆ ತಿಳಿವಳಿಕೆಯ ಹಿಂದೆ ಈ ಮೂಕ ಪ್ರಾಣಿಗಳ ನೋವು ಇದೆ. ಇಷ್ಟು ತಿಳಿದ ಮೇಲೂ ಮನೆಯಲ್ಲಿ ಸಾಕಿದ ಗಿನಿ ಪಿಗ್‌ಗೆ ಬರೀ ಕಾಳು, ಅಕ್ಕಿ ಹಾಕಿ ಅದೇ ರೋಗ ತರಿಸುವುದು ನ್ಯಾಯವಲ್ಲ.

ಸೊಪ್ಪು, ತರಕಾರಿ: ಯಾವುದು, ಎಷ್ಟು

ಬೆಳೆದ ಒಂದು ಪ್ರಾಣಿಗೆ ದಿನಕ್ಕೆ ಸುಮಾರು ಒಂದು ಬಟ್ಟಲು ಸೊಪ್ಪು, ತರಕಾರಿ ಸಾಕು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡುವುದು ಒಳ್ಳೆಯದು.

ದೊಣ್ಣೆ ಮೆಣಸಿನಕಾಯಿ ಇದಕ್ಕೆ ಬಹಳ ಅನುಕೂಲ. ಕೆಂಪು ಬಣ್ಣದ್ದರಲ್ಲಿ 100 ಗ್ರಾಂಗೆ ಸುಮಾರು 125 ಮಿಲಿಗ್ರಾಂ ವಿಟಮಿನ್ ಸಿ ಇದೆ, ಹಸಿರಿನಲ್ಲಿ ಸುಮಾರು 80. ಅಂದರೆ 20ರಿಂದ 25 ಗ್ರಾಂನ ಒಂದು ಹೋಳಿನಲ್ಲೇ ದಿನದ ಅಗತ್ಯ ಪೂರೈಸುತ್ತದೆ. ಬೀಜ, ತೊಟ್ಟು ತೆಗೆದು ಕೊಡಬೇಕು. ಕೊತ್ತಂಬರಿ ಸೊಪ್ಪು, ಸೌತೆಕಾಯಿ, ಮೆಕ್ಕೆಜೋಳದ ಹಸಿ ಸಿಪ್ಪೆ ಇವೂ ಆಗುತ್ತವೆ. ಪಾಲಕ್, ದಂಟು, ಹರಿವೆಗಳಲ್ಲಿ ಆಕ್ಸಲೇಟ್ ಅಂಶ ಇರುವುದರಿಂದ ವಾರಕ್ಕೊಮ್ಮೆ ಸ್ವಲ್ಪ ಸಾಕು. ಎಲೆಕೋಸು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ.

ಹಣ್ಣು ವಾರಕ್ಕೆ ಒಂದೆರಡು ಸಲ, ಹೆಬ್ಬೆರಳ ತುದಿಯಷ್ಟು ಮಾತ್ರ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಬಹಳ. ಆದರೂ ಸಕ್ಕರೆಯ ಅಂಶ ಇರುವುದರಿಂದ ಮಿತಿ ಬೇಕು. ಹೊಸ ತರಕಾರಿ ಯಾವುದೇ ಇರಲಿ, ಮೊದಲ ದಿನ ಒಂದು ಚೂರು ಕೊಟ್ಟು ನೋಡಿ ನಂತರ ಹೆಚ್ಚಿಸಬೇಕು. ತಿಂದು ಬಿಟ್ಟ ಸೊಪ್ಪನ್ನು ಕೆಲವು ಗಂಟೆಗಳಲ್ಲಿ ತೆಗೆದುಬಿಡಬೇಕು. ಇಲ್ಲವಾದರೆ ಕೊಳೆತು ನೊಣ ಕೂರುತ್ತದೆ.

ಮಕ್ಕಳ ಪುಸ್ತಕಗಳಲ್ಲಿ ಗಿನಿ ಪಿಗ್‌ನ ಬಾಯಲ್ಲಿ ಕ್ಯಾರೆಟ್ ಇರುವ ಚಿತ್ರ ಇರುತ್ತದೆ. ಕಂದಮೂಲ ತರದ ಮನೆಯವರು, ಪ್ರಾಣಿಗಾಗಿ ಅದನ್ನು ತರಬೇಕೇ ಎಂದು ಸಂಕೋಚಪಡುತ್ತಾರೆ. ತರಬೇಕಾಗಿಲ್ಲ. ಕ್ಯಾರೆಟ್ ಅದಕ್ಕೆ ಬರೀ ಸಿಹಿತಿಂಡಿ ಇದ್ದ ಹಾಗೆ, ವಿಟಮಿನ್ ಸಿ ಅದರಲ್ಲಿ ತೀರ ಕಡಿಮೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇದಕ್ಕೆ ಕೊಡಲೇಬಾರದ ಪದಾರ್ಥಗಳು. ಕಂದಮೂಲ ಇಲ್ಲದ ಜೈನ ಅಡುಗೆಮನೆಯಲ್ಲಿ ಗಿನಿ ಪಿಗ್‌ಗೆ ಯಾವ ಕೊರತೆಯೂ ಆಗುವುದಿಲ್ಲ.

ಕೊಡಬಾರದ್ದು

ಅನ್ನ, ಚಪಾತಿ, ಬ್ರೆಡ್, ಬಿಸ್ಕತ್ತು, ಮಂಡಕ್ಕಿ, ಹಬ್ಬದ ಸಿಹಿ, ಹಾಲು, ಮೊಸರು ಯಾವುದೂ ಆಗದು. ಒಣ ಕಾಳು, ಕಡಲೆಬೀಜ, ಬೆಣ್ಣೆಹಣ್ಣು, ಟೊಮೆಟೊ ಗಿಡದ ಎಲೆ ಮತ್ತು ಕಾಂಡ, ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಯಾವುದೇ ಪಲ್ಯ ಕೊಡಬಾರದು. ಮನೆಗೆ ಬಂದ ನೆಂಟರು ಪ್ರೀತಿಯಿಂದ ಬಿಸ್ಕತ್ತು ತುರುಕುವುದುಂಟು. ಮನೆಯವರು ವಿನಯದಿಂದಲೇ ತಡೆಯಬೇಕು.

ಗಿನಿ ಪಿಗ್ ತನ್ನ ಮೃದುವಾದ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಅದನ್ನು ಕಂಡು ಅಸಹ್ಯಪಟ್ಟು ತಡೆಯಬಾರದು. ಅದರಿಂದಲೇ ಕೆಲವು ಬಿ ವಿಟಮಿನ್‌ಗಳು ಅದಕ್ಕೆ ಸಿಗುವುದು.

ಪೆಲೆಟ್ ಕೊಳ್ಳುವಾಗ

ಪೆಲೆಟ್ ಎಂಬ ಗುಳಿಗೆ ಆಹಾರ ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಪೊಟ್ಟಣದ ಮೇಲೆ ಗಿನಿ ಪಿಗ್‌ಗೆ ಎಂದೇ ಬರೆದಿರಬೇಕು. ಮೊಲದ ಆಹಾರದಲ್ಲಿ ಸಾಮಾನ್ಯವಾಗಿ ವಿಟಮಿನ್ ಸಿ ಸೇರಿಸಿರುವುದಿಲ್ಲ. ತಯಾರಾದ ತಾರೀಖನ್ನು ಅಗತ್ಯವಾಗಿ ನೋಡಬೇಕು. ಪೆಲೆಟ್‌ನ ವಿಟಮಿನ್ ಸಿ ದಿನ ಕಳೆದಂತೆ ನಾಶವಾಗುತ್ತದೆ, ಸುಮಾರು ಮೂರು ತಿಂಗಳ ನಂತರ ಅದನ್ನು ನಂಬುವಂತಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ದೊಡ್ಡ ಚೀಲ ತಂದರೆ ಉಳಿತಾಯ ಅಲ್ಲ, ನಷ್ಟ.

ಬಣ್ಣದ ಚೂರು, ಬೀಜ ಬೆರೆಸಿದ ಆಹಾರ ಬೇಡ. ತಿನಿಸಿನ ಕಡ್ಡಿಗಳಲ್ಲಿ ಹಲವು ಜೇನುತುಪ್ಪದಿಂದ ಅಂಟಿಸಿದವು. ಮಧುತ್ಯಾಗ ಮಾಡಿದ ಮನೆಯವರು ಪೊಟ್ಟಣದ ಹಿಂಬದಿ ಓದಿ ಕೊಳ್ಳಬೇಕು. ಪ್ರಾಣಿಗೂ ಅದು ಹಿತವಲ್ಲ.

ನೀರು ದಿನವೂ ಬದಲಾಯಿಸಬೇಕು. ಮನೆಯವರು ಕುಡಿಯುವ ಸೋಸಿದ ನೀರನ್ನೇ ಕೊಡಬಹುದು. ವಿಟಮಿನ್ ಸಿ ಹನಿಯನ್ನು ನೀರಿಗೆ ಬೆರೆಸುವುದು ಸರಿಯಲ್ಲ. ಬೆಳಕಿಗೆ ಅದು ಕೆಡುತ್ತದೆ, ರುಚಿ ಬೇರೆಯಾಗಿ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು.

ಪರ್ವದ ದಿನ, ರಾತ್ರಿ, ಯಾತ್ರೆ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅದರಲ್ಲಿ ಒಂದು ಅನ್ನಪಾನನಿರೋಧ, ಅಂದರೆ ತನ್ನ ಆಶ್ರಯದಲ್ಲಿರುವ ಜೀವಿಗೆ ಆಹಾರ ನೀರು ತಪ್ಪಿಸುವುದು. ದೇಶದ ಕಾನೂನೂ ಹೀಗೆಯೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ.

ದಶಲಕ್ಷಣ ಪರ್ವ ಹತ್ತು ದಿನ. ಕೆಲವು ಮನೆಗಳಲ್ಲಿ ಆ ಹತ್ತು ದಿನವೂ ಹಸಿರು ತರಕಾರಿ ಬರುವುದಿಲ್ಲ. ಇನ್ನು ಕೆಲವರು ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪು ಬಿಡುತ್ತಾರೆ. ವಿಟಮಿನ್ ಸಿ ಪೂರ್ತಿ ತಪ್ಪಿದರೆ ಗಿನಿ ಪಿಗ್‌ನಲ್ಲಿ ಸುಮಾರು ಎರಡು ವಾರದೊಳಗೆ ರೋಗದ ಚಿಹ್ನೆ ಕಾಣಿಸುತ್ತದೆ. ಒಂದು ಚತುರ್ದಶಿಯ ದಿನ ಸೊಪ್ಪು ತಪ್ಪಿ, ಹುಲ್ಲು ಮತ್ತು ಹೊಸ ಪೆಲೆಟ್ ಇದ್ದರೆ ಅಪಾಯವಿಲ್ಲ. ಹತ್ತು ದಿನ ತಪ್ಪಬಾರದು, ನಾಲ್ಕು ತಿಂಗಳಂತೂ ಸಾಧ್ಯವೇ ಇಲ್ಲ.

ನಿಯಮ ತೆಗೆದುಕೊಂಡವರು ಮನೆಯವರು, ಪ್ರಾಣಿಯಲ್ಲ. ತಿರ್ಯಂಚ ಜೀವಿಗಳೂ ವ್ರತ ಪಾಲಿಸಿದ ಕಥೆಗಳು ಪುರಾಣದಲ್ಲಿ ಇವೆಯಲ್ಲ ಎಂದು ಕೆಲವರು ಕೇಳಬಹುದು. ಮಹಾವೀರ ಸ್ವಾಮಿಯ ಪೂರ್ವಭವದ ಸಿಂಹ ಚಾರಣ ಮುನಿಗಳ ಉಪದೇಶ ಕೇಳಿ, ಅರಿತು, ತಾನಾಗಿಯೇ ವ್ರತ ಹಿಡಿಯಿತು. ಪಂಜರದ ಪ್ರಾಣಿಗೆ ಮನೆಯವರು ಆಹಾರ ತಪ್ಪಿಸಿದರೆ ಅದು ವ್ರತ ಆಗುವುದಿಲ್ಲ, ಬಲವಂತದ ಉಪವಾಸ ಆಗುತ್ತದೆ.

ಇದಕ್ಕೆ ದಾರಿಗಳಿವೆ. ಪರ್ವದ ಹಿಂದಿನ ದಿನವೇ ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ತಂದು, ಹುಳ ನೋಡಿ, ತೊಳೆದು, ಒರೆಸಿ ಫ್ರಿಜ್‌ನಲ್ಲಿ ಇಟ್ಟರೆ ಎರಡು ಮೂರು ದಿನ ಬರುತ್ತದೆ. ನಿಯಮ ಇರುವವರು ಹಸಿರು ಮುಟ್ಟಲು ಇಷ್ಟಪಡದಿದ್ದರೆ, ನಿಯಮ ಇಲ್ಲದ ಮನೆಯ ಇನ್ನೊಬ್ಬರು ಆ ಕೆಲಸ ವಹಿಸಿಕೊಳ್ಳಬಹುದು. ಅದೂ ಆಗದಿದ್ದರೆ ಪಶುವೈದ್ಯರನ್ನು ಮೊದಲೇ ಕೇಳಿ, ವಿಟಮಿನ್ ಸಿ ಹನಿಯನ್ನು ಅವರು ಹೇಳಿದ ಅಳತೆಯಲ್ಲಿ ನೇರವಾಗಿ ಬಾಯಿಗೆ ಕೊಡಬೇಕು. ಧರ್ಮದ ಸಂದೇಹ ಇದ್ದರೆ ಊರಿನಲ್ಲಿರುವ ತ್ಯಾಗಿಗಳನ್ನು ಕೇಳಿ ತಿಳಿಯಬಹುದು.

ರಾತ್ರಿ ಭೋಜನ ತ್ಯಾಗದ ಮನೆಯಲ್ಲೂ ಇದೇ ಮಾತು. ಈ ಪ್ರಾಣಿ ರಾತ್ರಿಯೂ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಸೂರ್ಯಾಸ್ತಕ್ಕೆ ಮೊದಲು ಹುಲ್ಲು, ನೀರು ತುಂಬಿಸಿಟ್ಟರೆ ರಾತ್ರಿ ಯಾರೂ ಏಳಬೇಕಾಗಿಲ್ಲ.

ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರಜಿಗೋ ಯಾತ್ರೆ ಹೊರಟರೆ, ಎರಡು ದಿನದ ಆಹಾರ ಸುರಿದು ಬೀಗ ಹಾಕಿ ಹೋಗಬಾರದು. ದಿನಕ್ಕೆರಡು ಸಲ ಬಂದು ನೋಡುವವರನ್ನು ಗೊತ್ತುಮಾಡಿ, ಏನು ಕೊಡಬೇಕು, ಏನು ಕೊಡಬಾರದು ಎಂದು ಚೀಟಿ ಬರೆದು ಪಂಜರದ ಪಕ್ಕ ಅಂಟಿಸಬೇಕು.

ಕಾಯಿಲೆಯ ಲಕ್ಷಣ

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ಈ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ಮೊದಲು ಇಳಿಯುವುದು ತೂಕ. ವಾರದಲ್ಲಿ 50 ಗ್ರಾಂ ಇಳಿದರೆ ಗಮನ ಕೊಡಬೇಕು. ಇನ್ನೂ ಇಳಿದರೆ ವೈದ್ಯರಿಗೆ ತೋರಿಸಬೇಕು.

ಕುಂಟುವುದು, ಕೀಲು ಊದುವುದು, ಮುಟ್ಟಿದರೆ ಕಿರುಚುವುದು, ಕೂದಲು ಒರಟಾಗುವುದು, ವಸಡಿನಲ್ಲಿ ರಕ್ತ, ಗಾಯ ಮಾಯದಿರುವುದು ಇವು ವಿಟಮಿನ್ ಸಿ ಕೊರತೆಯ ಲಕ್ಷಣಗಳು. ಹಿಕ್ಕೆ ಹಾಕದೆ, ಮುದುರಿ ಕೂತು, ಅರ್ಧ ದಿನ ಏನೂ ತಿನ್ನದಿದ್ದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಬೇಕು. ಮನೆಯಲ್ಲಿ ಉಳಿದ ಮಾತ್ರೆ ಕೊಡಬಾರದು. ಅಮಾಕ್ಸಿಸಿಲಿನ್‌ನಂತಹ ಪೆನಿಸಿಲಿನ್ ಗುಂಪಿನ ಔಷಧ ಬಾಯಿಗೆ ಹಾಕಿದರೆ ಇದರ ಕರುಳು ಕೆಟ್ಟು ಪ್ರಾಣ ಹೋಗಬಹುದು.

ಸಾಕುವ ಮೊದಲು

ತತ್ತ್ವಾರ್ಥ ಸೂತ್ರದ ಅದೇ ಐದು ಅತಿಚಾರಗಳಲ್ಲಿ ಬಂಧ, ಅಂದರೆ ಕಟ್ಟಿಹಾಕುವುದೂ ಒಂದು. ಆದ್ದರಿಂದ ಪ್ರಾಣಿಯನ್ನು ಪಂಜರಕ್ಕೆ ತರುವ ಮೊದಲು ಮನೆಯವರೆಲ್ಲ ಕೂತು ಯೋಚಿಸಬೇಕು. ಪರೀಕ್ಷೆ ಮುಗಿದ ಮಗುವಿಗೆ ಉಡುಗೊರೆ ಎಂದು ತಂದ ಜೀವಿ, ಆ ಮಗು ಕಾಲೇಜಿಗೆ ಹೋಗುವ ತನಕ ಬದುಕಿರುತ್ತದೆ. ಅಷ್ಟು ವರ್ಷ ದಿನವೂ ಹುಲ್ಲು, ಹಸಿರು, ನೀರು ಕೊಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಬೇಕು. ಆಗದು ಎಂದಾದರೆ ತರದಿರುವುದೇ ದಯೆ. ಈಗಾಗಲೇ ಮನೆಯಲ್ಲಿ ಇದ್ದರೆ, ಮನೆಯವರು ಉಪವಾಸ ಇದ್ದ ದಿನವೂ ಅದರ ಮುಂದೆ ಹುಲ್ಲು ತುಂಬಿರಲಿ, ಪಕ್ಕದಲ್ಲಿ ಒಂದು ಹೋಳು ದೊಣ್ಣೆ ಮೆಣಸಿನಕಾಯಿ ಇರಲಿ.