ದಾಳ ಉರುಳುವ ಮೊದಲಿನ ಮಾತುಕತೆ

ಜೂಜಿನಲ್ಲಿ ಸೋತವನು ಸಾಲ ತೀರಿಸದೆ ಎದ್ದು ಹೋದರೆ ಅದನ್ನು ವಸೂಲು ಮಾಡಿಕೊಡಲು ಕ್ಯಾಲಿಫೋರ್ನಿಯಾದ ಕೋರ್ಟುಗಳು ಮುಂದಾಗುವುದಿಲ್ಲ. ಟಾಹೋ ಸರೋವರದ ಕ್ಯಾಸಿನೊ ಒಂದರಲ್ಲಿ 22,000 ಡಾಲರ್ ಕಳೆದುಕೊಂಡವನೊಬ್ಬನ ಪ್ರಕರಣ 1993ರಲ್ಲಿ ಆ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂತು. ಕ್ಯಾಸಿನೊ ಇದ್ದದ್ದು ನೆವಾಡಾದಲ್ಲಿ, ಅಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆಯಿದೆ. ಆದರೂ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರು ಆ ಸಾಲದ ಬೆನ್ನಿಗೆ ನಿಲ್ಲಲಿಲ್ಲ. ನಮ್ಮ ಕಾನೂನೂ ಇದೇ ಹಾದಿಯದು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಅನೂರ್ಜಿತ, ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಹಣ ಕಟ್ಟಿ ಬ್ಯಾಕ್‌ಗ್ಯಾಮನ್ ಆಡುವವರ ಶಿಷ್ಟಾಚಾರವೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು ಎಂದು ನಾನು ನಂಬಿದ್ದೇನೆ. ದೂರು ಕೊಡಲು ಜಾಗವೇ ಇಲ್ಲದ ಕಡೆ, ತಕರಾರು ಬರುವ ಮೊದಲೇ ಕೂತು ಮಾತಾಡಿಕೊಳ್ಳಬೇಕಾಗುತ್ತದೆ. ಪಾಯಿಂಟಿಗೆ ಎಷ್ಟು ಡಾಲರ್? ಮೊದಲ ದಾಳದಲ್ಲಿ ಇಬ್ಬರಿಗೂ ಒಂದೇ ಸಂಖ್ಯೆ ಬಿದ್ದರೆ ಪಣ ತಾನಾಗಿ ಇಮ್ಮಡಿಯೋ? ಜೇಕೋಬಿ ನಿಯಮ ಇಟ್ಟುಕೊಳ್ಳೋಣವೋ ಬೇಡವೋ? ಲೆಕ್ಕ ಇವತ್ತೇ ಚುಕ್ತಾ ಮಾಡಬೇಕೋ? ಹೊಸಬನಿಗೆ ಇವು ಅತಿ ಎನಿಸಬಹುದು. ಆದರೆ ಒಂದೊಂದು ಪ್ರಶ್ನೆಯ ಹಿಂದೆಯೂ ಹಳೆಯ ಜಗಳವಿದೆ.

ಆಟದ ಮೂಲರೂಪ ನಮ್ಮ ಪಗಡೆ, ಚೌಕಾಬಾರ ಬಲ್ಲವರಿಗೆ ಸುಲಭವಾಗಿ ಹತ್ತುತ್ತದೆ. 24 ಮನೆ, ತಲಾ 15 ಕಾಯಿ, ಎರಡು ದಾಳ. ಒಂಟಿ ಕಾಯಿ ಸಿಕ್ಕರೆ ಹೊಡೆಯಬಹುದು. ಎರಡು ಕಾಯಿ ಜೋಡಿ ಕೂತ ಮನೆಗೆ ಎದುರಾಳಿ ಕಾಲಿಡುವಂತಿಲ್ಲ. ಇರಾನಿನವರು ಇದನ್ನು ತಖ್ತೆ ಎನ್ನುತ್ತಾರೆ, ತುರ್ಕರು ತಾವ್ಲಾ ಎನ್ನುತ್ತಾರೆ. ಕೊಲ್ಲಿ ಪ್ರದೇಶದಲ್ಲಿ ಇವರೆಲ್ಲರೂ ಇದ್ದಾರೆ, ಅಮೆರಿಕದ ಕ್ಲಬ್ಬುಗಳಲ್ಲಿ ಆಟ ಕಲಿತವರೂ ಇದ್ದಾರೆ. ಒಬ್ಬರ ಮನೆಯ ಪದ್ಧತಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಎಷ್ಟು ಊರುಗಳ ಚೌಕಾಬಾರದಲ್ಲಿದೆ, ಎಷ್ಟರಲ್ಲಿಲ್ಲ! ಹಬ್ಬಕ್ಕೆ ಸೇರಿದ ನೆಂಟರಲ್ಲಿ ಇದಕ್ಕೇ ಎಷ್ಟು ವಾದ ನಡೆದಿಲ್ಲ? ಅಲ್ಲಿ ಹೋಗುವುದು ಮರ್ಯಾದೆ ಮಾತ್ರ. ಇಲ್ಲಿ ಹಣವೂ ಹೋಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಬೆಳೆದದ್ದೇ ಜೂಜಿನ ನಡುವೆ. 1849ರಲ್ಲಿ ಚಿನ್ನದ ಹಂಬಲದಿಂದ ಬಂದ ಜನ ಪೋರ್ಟ್ಸ್‌ಮತ್ ಚೌಕದ ಸುತ್ತ ಎದ್ದಿದ್ದ ಎಲ್ ಡೊರಾಡೊದಂಥ ಜೂಜುಕಟ್ಟೆಗಳಲ್ಲಿ ಮಾಂಟೆ, ಫ್ಯಾರೊ ಎಂಬ ಇಸ್ಪೀಟಿನ ಆಟ ಆಡುತ್ತಿದ್ದರು. ಗಣಿಯಲ್ಲಿ ತಿಂಗಳುಗಟ್ಟಲೆ ತೊಳೆದು ತೆಗೆದ ಚಿನ್ನದ ಪುಡಿ ಒಂದೇ ರಾತ್ರಿಯಲ್ಲಿ ಕೈ ಬದಲಾಗುತ್ತಿತ್ತು. ಫ್ಯಾರೊ ಆಟದಲ್ಲಿ ಎಲೆಗಳನ್ನು ಒಂದೊಂದಾಗಿ ಹೊರತೆಗೆಯುವ ಪೆಟ್ಟಿಗೆ ಬಂದದ್ದು ಎಲೆ ಹಂಚುವವನ ಕೈಚಳಕ ತಡೆಯಲೆಂದು. ಕೆಲವೇ ಕಾಲದಲ್ಲಿ ಆ ಪೆಟ್ಟಿಗೆಯೊಳಗೇ ಕಳ್ಳ ಏರ್ಪಾಡುಗಳು ಸೇರಿಕೊಂಡವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇದೇ ಊರಿನ ವಿಲ್ ಅಂಡ್ ಫಿಂಕ್ ಅಂಗಡಿ ಒಳ್ಳೆಯ ಚಾಕು, ಕತ್ತರಿಗಳಿಗೆ ಹೆಸರಾಗಿತ್ತು. ಅಲ್ಲಿ ಇಸ್ಪೀಟಿನ ಎಲೆಯ ಅಂಚು ಸವರುವ ಯಂತ್ರ, ಎಲೆ ಬಚ್ಚಿಡುವ ಸಾಧನಗಳೂ ಮಾರಾಟಕ್ಕಿದ್ದವು. ಅಂದರೆ ಮೋಸಕ್ಕೆ ಬೇಕಾದ ಸರಕು ಗುಟ್ಟಾಗಿ ತಯಾರಾಗುತ್ತಿರಲಿಲ್ಲ, ದರಪಟ್ಟಿಯಲ್ಲಿ ಅಚ್ಚಾಗುತ್ತಿತ್ತು.

ಈ ಇತಿಹಾಸದಲ್ಲಿ ನನ್ನನ್ನು ತೀರ ಹಿಡಿದಿಟ್ಟದ್ದು 1888ರ ಒಂದು ಪ್ರಸಂಗ. ಇಂಗ್ಲೆಂಡಿನ ಜಾದೂಗಾರ ಜಾನ್ ನೆವಿಲ್ ಮ್ಯಾಸ್ಕಲಿನ್ 1894ರ ತನ್ನ ಪುಸ್ತಕದಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ಕೆಪ್ಲಿಂಗರ್ ಎಂಬೊಬ್ಬ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಳಗಿದ ಜೂಜುಗಾರರ ಜೊತೆ ಪೋಕರ್ ಆಡುತ್ತಿದ್ದ. ಜೊತೆಗಾರರೂ ಸಾಚಾಗಳಲ್ಲ, ಎಲ್ಲರೂ ಮೋಸದಲ್ಲಿ ನುರಿತವರು. ಆದರೂ ಗೆಲ್ಲುವುದು ಮಾತ್ರ ಕೆಪ್ಲಿಂಗರ್. ಅವನ ಕೈಯಲ್ಲಿ ಒಂದು ಅನುಮಾನದ ಚಲನೆಯೂ ಕಾಣುತ್ತಿರಲಿಲ್ಲ. ತಿಂಗಳುಗಳ ಕಾಲ ಕಾದು ಕಂಗೆಟ್ಟ ಜೊತೆಗಾರರು ಒಂದು ದಿನ ಆಟದ ನಡುವೆಯೇ ಅವನ ಮೇಲೆ ಬಿದ್ದು, ಬಾಯಿಗೆ ಬಟ್ಟೆ ತುರುಕಿ, ಅಂಗಿ ಬಿಚ್ಚಿ ನೋಡಿದರು. ತೋಳಿನೊಳಗೆ ಉಕ್ಕಿನ ಚಿಮಟ. ಅದಕ್ಕೆ ಕಟ್ಟಿದ ದಾರ ಕೊಳವೆ, ರಾಟೆಗಳ ಮೂಲಕ ಮೈಯುದ್ದಕ್ಕೂ ಇಳಿದು ಮಂಡಿಯವರೆಗೆ ಹೋಗಿತ್ತು. ಮಂಡಿ ಅಗಲಿಸಿದರೆ ಚಿಮಟ ಮುಂದೆ ಬಂದು ಎಲೆ ಕಚ್ಚುತ್ತಿತ್ತು, ಸಡಿಲಿಸಿದರೆ ತೋಳಿನೊಳಕ್ಕೆ ಜಾರುತ್ತಿತ್ತು.

ಅವರು ಅವನನ್ನು ಪೊಲೀಸರಿಗೆ ಒಪ್ಪಿಸಲಿಲ್ಲ. ತಮಗೆಲ್ಲರಿಗೂ ಅಂಥದೇ ಒಂದೊಂದು ಮಾಡಿಕೊಡಬೇಕು ಎಂದು ಷರತ್ತು ಹಾಕಿದರು! ಅಲ್ಲಿ ಏರ್ಪಟ್ಟದ್ದೂ ಒಂದು ಒಪ್ಪಂದವೇ. ಮೋಸ ಮಾಡಬಾರದು ಎಂಬುದು ಅದರಲ್ಲಿರಲಿಲ್ಲ, ಮೋಸದ ಸಾಧನ ಎಲ್ಲರಿಗೂ ಸಮನಾಗಿರಬೇಕು ಎಂಬುದಿತ್ತು. ಕಳ್ಳರ ಕೂಟವೂ ಸಮಾನತೆಯಿಲ್ಲದೆ ಆಡಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ.

ಬ್ಯಾಕ್‌ಗ್ಯಾಮನ್ನಿನ ಲಿಖಿತ ನಿಯಮಗಳ ಕಥೆ ಇದಕ್ಕಿಂತ ಹಳೆಯದು. ಎಡ್ಮಂಡ್ ಹೊಯ್ಲ್ 1743ರಲ್ಲಿ ಲಂಡನ್ನಿನಲ್ಲಿ ಈ ಆಟದ ಬಗ್ಗೆ ಚಿಕ್ಕ ಪುಸ್ತಕ ತಂದ. ಆದರೆ ಹಣದ ಆಟಕ್ಕೆ ಇಂದಿನ ರೂಪ ಕೊಟ್ಟದ್ದು 1920ರ ದಶಕದ ನ್ಯೂಯಾರ್ಕ್. ಯಾರೋ ಒಬ್ಬರು, ಹೆಸರು ದಾಖಲಾಗದವರು, ಆಟದ ನಡುವೆಯೇ ಪಣವನ್ನು ಇಮ್ಮಡಿ ಮಾಡುವ ಹಕ್ಕನ್ನು ತಂದರು. 2, 4, 8, 16, 32, 64 ಎಂದು ಬರೆದ ಘನಾಕೃತಿಯ ಡಬ್ಲಿಂಗ್ ಕ್ಯೂಬ್ ಬೋರ್ಡಿನ ಪಕ್ಕ ಬಂತು. ನಾನು ಗೆಲ್ಲುತ್ತಿದ್ದೇನೆ ಎನಿಸಿದರೆ ಕ್ಯೂಬನ್ನು ಎದುರಾಳಿಯತ್ತ ಸರಿಸಬಹುದು. ಅವನು ಒಪ್ಪಿದರೆ ಪಣ ಎರಡರಷ್ಟು, ಒಪ್ಪದಿದ್ದರೆ ಈಗಿನ ಪಣ ಕಳೆದುಕೊಂಡು ಹೊಸ ಆಟ. ನಾಲ್ಕರಲ್ಲಿ ಒಂದು ಸಲ ಗೆಲ್ಲುವ ಸಾಧ್ಯತೆ ಇದ್ದರೆ ಒಪ್ಪಿದರೂ ಬಿಟ್ಟರೂ ಒಂದೇ. ಮೂರು ಸಲ ಎರಡೆರಡು ಕಳೆದು, ಒಂದು ಸಲ ಎರಡು ಗಳಿಸಿದರೆ ನಾಲ್ಕು ಆಟಕ್ಕೆ ನಾಲ್ಕು ನಷ್ಟ. ಬಿಟ್ಟುಕೊಟ್ಟಿದ್ದರೂ ಆಟಕ್ಕೆ ಒಂದರಂತೆ ಅಷ್ಟೇ ಹೋಗುತ್ತಿತ್ತು.

ಈ ಕ್ಯೂಬು ಬಂದ ಮೇಲೆ ಗೊಂದಲ ಶುರುವಾಯಿತು. ಎದುರಾಳಿ ಒಂದೂ ಕಾಯಿ ಹಣ್ಣು ಮಾಡುವ ಮೊದಲೇ ಗೆದ್ದರೆ ಅದು ಗ್ಯಾಮನ್, ಪಣದ ಎರಡರಷ್ಟು. ಪಾಯಿಂಟಿಗೆ 5 ಡಾಲರ್ ಎಂದುಕೊಂಡವರ ಆಟದಲ್ಲಿ ಕ್ಯೂಬು 4ಕ್ಕೆ ಏರಿ ಗ್ಯಾಮನ್ ಬಿದ್ದರೆ ಒಂದೇ ಆಟಕ್ಕೆ 40 ಡಾಲರ್. ಐದೇ ಐದು ಎಂದು ಕೂತ ಹೊಸಬ ಇದನ್ನು ಮೋಸ ಎಂದುಕೊಂಡರೆ ತಪ್ಪೇನು? ನ್ಯೂಯಾರ್ಕಿನ ರಾಕೆಟ್ ಅಂಡ್ ಟೆನಿಸ್ ಕ್ಲಬ್ಬು 1931ರಲ್ಲಿ ನಿಯಮಗಳನ್ನು ಕ್ರೋಡೀಕರಿಸಿತು. ಆಮೇಲೆ ಬಂದದ್ದು ಆಸ್ವಾಲ್ಡ್ ಜೇಕೋಬಿಯ ಹೆಸರಿನ ನಿಯಮ: ಯಾರೂ ಕ್ಯೂಬು ತಿರುಗಿಸದೆ ಇದ್ದರೆ ಗ್ಯಾಮನ್ನಿಗೂ ಒಂದೇ ಪಾಯಿಂಟ್. ಇದರಿಂದ ಗೆಲ್ಲುತ್ತಿರುವವನು ಆಟವನ್ನು ಸುಮ್ಮನೆ ಎಳೆಯುವುದು ತಪ್ಪಿತು. ಆದರೆ ಪಂದ್ಯಾವಳಿಗಳಲ್ಲಿ ಈ ನಿಯಮ ಇಲ್ಲ. ಅಲ್ಲಿ ಆಡಿ ಬಂದವನು, ಹಣಕ್ಕೆ ಆಡಿ ಬಂದವನು ಎದುರುಬದುರಾದರೆ ಇಬ್ಬರೂ ಪ್ರಾಮಾಣಿಕವಾಗಿಯೇ ಬೇರೆ ಬೇರೆ ಲೆಕ್ಕ ಹೇಳುತ್ತಾರೆ.

ನಿಜವಾದ ಕೈಚಳಕವನ್ನು ತಡೆಯುವ ಕೆಲಸ ಉಪಕರಣಗಳದ್ದು. ದಾಳವನ್ನು ಕಪ್ಪಿನಲ್ಲಿ ಹಾಕಿ ಕುಲುಕಿಯೇ ಉರುಳಿಸಬೇಕು. ಕಪ್ಪಿನ ಬಾಯಿಯ ಒಳಗೆ ಸಣ್ಣ ಅಂಚು ಇರುತ್ತದೆ, ಬೇಕಾದ ಮುಖ ಮೇಲೆ ಮಾಡಿ ದಾಳವನ್ನು ಹಾಗೇ ಜಾರಿಸಿಬಿಡುವವನಿಗೆ ಅದು ಅಡ್ಡ. ದಾಳಗಳು ಪಾರದರ್ಶಕ, ಒಳಗೆ ಭಾರ ತುಂಬಿದ್ದರೆ ಕಾಣಬೇಕು. ಅನುಮಾನ ಬಂದವನು ಇಬ್ಬರ ನಾಲ್ಕೂ ದಾಳ ಬೆರೆಸಿ ಹೊಸದಾಗಿ ಎರಡೆರಡು ಆರಿಸಿಕೊಳ್ಳೋಣ ಎಂದು ಕೇಳಬಹುದು, ಹಾಗೆ ಕೇಳಿದರೆ ಯಾರೂ ಬೇಸರ ಪಡುವಂತಿಲ್ಲ. ದಾಳ ಬೋರ್ಡಿನ ಬಲಭಾಗದಲ್ಲಿ ಸಪಾಟಾಗಿ ಕೂರಬೇಕು. ಕಾಯಿಯ ಮೇಲೆ ಓರೆಯಾಗಿ ನಿಂತರೆ ಮತ್ತೆ ಉರುಳಿಸಬೇಕು. ನಡೆ ಮುಗಿಯಿತು ಎಂಬುದಕ್ಕೆ ಗುರುತು ದಾಳ ಎತ್ತಿಕೊಳ್ಳುವುದು. ಎತ್ತುವ ಮೊದಲು ಎದುರಾಳಿ ಉರುಳಿಸಬಾರದು. ಕೆಲವರು ದಾಳವನ್ನು ಮೇಲಿಂದ ಬಿಟ್ಟರೆ ಒಳಗಿನ ಅಡ್ಡಪಟ್ಟಿಗಳಿಗೆ ತಾಗಿ ಉರುಳುತ್ತ ಬೀಳುವ ಪೆಟ್ಟಿಗೆ ಬಳಸುತ್ತಾರೆ. ಇದೂ ಹೊಸದಲ್ಲ, ಜರ್ಮನಿಯಲ್ಲಿ 1985ರಲ್ಲಿ ಸಿಕ್ಕ ರೋಮನ್ ಕಾಲದ ದಾಳಗೋಪುರ ನಾಲ್ಕನೇ ಶತಮಾನದ್ದು.

ಯಾವ ಉಪಕರಣವೂ ತಡೆಯಲಾಗದ ಒಂದು ಸಂದರ್ಭ ಉಂಟು. ಎದುರಾಳಿಗೆ 6–3 ಬಿತ್ತು, ಅವನು ಗಮನ ತಪ್ಪಿ ಆರರ ಬದಲು ಐದು ಮನೆ ನಡೆಸಿದ. ಅದು ನನಗೇ ಲಾಭ. ಹೇಳಬೇಕೋ, ಸುಮ್ಮನಿರಬೇಕೋ? ಬಹಳ ಕಾಲ ಪಂದ್ಯಾವಳಿಗಳ ನಿಯಮ ಸುಮ್ಮನಿರುವುದಕ್ಕೆ ಅವಕಾಶ ಕೊಟ್ಟಿತ್ತು: ತಪ್ಪು ನಡೆಯನ್ನು ತಿದ್ದಿಸುವುದೂ ಹಾಗೇ ಒಪ್ಪಿಕೊಳ್ಳುವುದೂ ಎದುರಾಳಿಯ ಇಷ್ಟ. ಈಚೆಗೆ ಅಮೆರಿಕದ ಆಟಗಾರರಲ್ಲಿ ಇನ್ನೊಂದು ಪದ್ಧತಿ ಗಟ್ಟಿಯಾಗುತ್ತಿದೆ. ತಪ್ಪು ಯಾರ ಕಣ್ಣಿಗೆ ಬಿದ್ದರೂ ಹೇಳಲೇಬೇಕು, ನಡೆಯನ್ನು ಸರಿಪಡಿಸಲೇಬೇಕು. ನನಗೆ ಈ ಎರಡನೆಯದೇ ಸರಿ. ಹಳೆಯ ನಿಯಮವನ್ನು ಸಮರ್ಥಿಸುವವರು ಗಮನವೂ ಕೌಶಲದ ಭಾಗ ಎನ್ನುತ್ತಾರೆ. ಇರಬಹುದು. ಆದರೆ ಎದುರಾಳಿ ಸುಮ್ಮನಿದ್ದಾನೆಂಬುದನ್ನೇ ನೆಚ್ಚಿಕೊಂಡು ಬೇಕೆಂದೇ ತಪ್ಪು ನಡೆಸಿ ನೋಡುವವನಿಗೂ ಆ ನಿಯಮ ಆಸರೆಯಾಗುತ್ತದೆ. ಸಿಕ್ಕಿಬಿದ್ದರೆ ಅಯ್ಯೋ ನೋಡಲಿಲ್ಲ ಎಂದರಾಯಿತು. ಕಣ್ತಪ್ಪಿಗೂ ಕಳ್ಳತನಕ್ಕೂ ಗೆರೆ ಎಳೆಯಲಾಗದ ನಿಯಮದಡಿ ಹಣ ಕಟ್ಟಿ ಆಡುವುದು ಯಾರಿಗೂ ಕ್ಷೇಮವಲ್ಲ.

ನಿಯಮದ ತಕರಾರು ಎಂದಾಗ ನಮ್ಮವರಿಗೆ ಹಸ್ತಿನಾವತಿಯ ಸಭೆ ನೆನಪಾಗದೆ ಇರದು. ಶಕುನಿಯ ದಾಳದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ವ್ಯಾಸಭಾರತದ ಸಭಾಪರ್ವವನ್ನು ಜೂಜುಗಾರರ ಕಣ್ಣಿನಿಂದ ಓದಿದರೆ ಬೇರೆ ಸಂಗತಿಗಳು ಎದ್ದು ಕಾಣುತ್ತವೆ. ಪಣ ಕಟ್ಟುವವನು ದುರ್ಯೋಧನ, ಆಡುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಕ್ರಮವಲ್ಲ ಎಂದು ಧರ್ಮರಾಯ ಆಟಕ್ಕೆ ಮುನ್ನವೇ ಆಕ್ಷೇಪಿಸುತ್ತಾನೆ, ಆದರೆ ಪಟ್ಟು ಹಿಡಿಯದೆ ಆಡಲು ಕೂರುತ್ತಾನೆ. ಮುಂದೆ ದ್ರೌಪದಿ ಕೇಳಿದ್ದೂ ನಿಯಮದ ಪ್ರಶ್ನೆಯನ್ನೇ: ತನ್ನನ್ನು ತಾನು ಮೊದಲು ಸೋತವನಿಗೆ ನನ್ನನ್ನು ಒತ್ತೆಯಿಡುವ ಹಕ್ಕೆಲ್ಲಿಂದ ಬಂತು? ಪಣವಾಗಿ ಅವಳ ಹೆಸರನ್ನು ಎತ್ತಿದವನು ಶಕುನಿ ಎಂದು ಕೌರವರಲ್ಲೊಬ್ಬನಾದ ವಿಕರ್ಣ ತೋರಿಸಿಕೊಟ್ಟ. ತೀರ್ಪು ಕೊಡಬೇಕಾದ ಹಿರಿಯರು ಸ್ಪಷ್ಟ ಉತ್ತರ ಕೊಡಲಿಲ್ಲ. ಮೊದಲ ಆಕ್ಷೇಪಕ್ಕೆ ಉತ್ತರ ಸಿಗುವವರೆಗೂ ದಾಳ ಮುಟ್ಟುವುದಿಲ್ಲ ಎಂದು ಧರ್ಮರಾಯ ಕೂತಿದ್ದರೆ ಎಂದು ಪ್ರತಿ ಸಲ ಓದುವಾಗಲೂ ಸಂಕಟವಾಗುತ್ತದೆ.

ಕೌಟಿಲ್ಯನಿಗೆ ಇಂಥ ಸಂಕಟವಿಲ್ಲ, ಅವನದು ಆಡಳಿತಗಾರನ ದಾರಿ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕಿ, 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಜೂಜು ಒಂದೇ ಕಡೆ ನಡೆಯಬೇಕು, ದಾಳ ಅವನೇ ಕೊಡಬೇಕು. ಕೊಟ್ಟ ದಾಳ ಬದಲಿಸಿದವನಿಗೆ ಪಣವೆಂಬ 12 ನಾಣ್ಯ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜ್ಯಕ್ಕೆ. ಇಂದು ಯಾವ ಕ್ಯಾಸಿನೊದವನೂ ಈ ಏರ್ಪಾಟನ್ನು ನೋಡಿ ತನ್ನದೇ ಎಂದಾನು.

ದಾಳ ನ್ಯಾಯವಾಗಿದೆ ಎಂದರೆ ಏನರ್ಥ ಎಂಬ ಪ್ರಶ್ನೆಗೆ ಗಣಿತದ ಉತ್ತರ ಬಂದದ್ದು ಕೊಲ್ಲಿ ಪ್ರದೇಶದ ಸ್ಟ್ಯಾನ್‌ಫರ್ಡಿನಿಂದಲೇ. ಅಲ್ಲಿನ ಪ್ರಾಧ್ಯಾಪಕರಾದ ಪರ್ಸಿ ಡಯಾಕೊನಿಸ್ ಮತ್ತು ಜೋಸೆಫ್ ಕೆಲ್ಲರ್ 1989ರಲ್ಲಿ ಯಾವ ಯಾವ ಆಕಾರದ ಘನಗಳು ಸಮಮಿತಿಯ ಬಲದಿಂದಲೇ ನ್ಯಾಯವಾದ ದಾಳಗಳಾಗುತ್ತವೆ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಡಯಾಕೊನಿಸ್ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಡಾಯ್ ವರ್ನನ್ ಎಂಬ ಜಾದೂಗಾರನ ಹಿಂದೆ ಊರೂರು ಸುತ್ತಿದವರು. ಕೈಚಳಕ ಬಲ್ಲವರೇ ನ್ಯಾಯದ ಅಳತೆಗೋಲು ಮಾಡಲು ಕೂತದ್ದು ಸಂತೋಷದ ಸಂಗತಿ. ಇಸ್ಪೀಟಿನ 52 ಎಲೆ ಚೆನ್ನಾಗಿ ಬೆರೆಯಲು ಏಳು ಸಲ ಕಲಸಬೇಕು ಎಂದು 1992ರಲ್ಲಿ ಡೇವ್ ಬೇಯರ್ ಜೊತೆ ತೋರಿಸಿದವರೂ ಅವರೇ.

ಮೋಸ ಈಗ ದಾಳವನ್ನು ಬಿಟ್ಟು ನಡೆಯ ಕಡೆಗೆ ಸರಿದಿದೆ. ಐಬಿಎಮ್‌ನ ಜೆರಾಲ್ಡ್ ಟೆಸಾರೊ 1992ರ ಹೊತ್ತಿಗೆ ಬ್ಯಾಕ್‌ಗ್ಯಾಮನ್ ಆಡುವ ಟಿಡಿ-ಗ್ಯಾಮನ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ರೂಪಿಸಿದ್ದರು. ತನ್ನ ವಿರುದ್ಧ ತಾನೇ ಲಕ್ಷಗಟ್ಟಲೆ ಆಟ ಆಡಿ ಅದು ಕಲಿತಿತ್ತು. ಬರ್ಕ್‌ಲಿಯ ಪಕ್ಕದ ಕೆನ್ಸಿಂಗ್ಟನ್ನಿನವರಾದ ಕಿಟ್ ವೂಲ್ಸಿ, ಬ್ರಿಜ್ ಮತ್ತು ಬ್ಯಾಕ್‌ಗ್ಯಾಮನ್ ಎರಡರಲ್ಲೂ ದೊಡ್ಡ ಹೆಸರು, ಅದರ ಆಟ ಪರಿಶೀಲಿಸಿ ಸ್ಥಾನದ ತೂಕ ಅಳೆಯುವುದರಲ್ಲಿ ಅದು ತಮಗಿಂತ ಮುಂದಿದೆ ಎಂದು ಒಪ್ಪಿಕೊಂಡರು. ಅಂಥ ಸಾಮರ್ಥ್ಯ ಇಂದು ಎಲ್ಲರ ಜೇಬಿನ ಫೋನಿನಲ್ಲಿದೆ. ಪರದೆಯ ಆಚೆ ಕೂತವನು ಪಕ್ಕದಲ್ಲಿ ಅದನ್ನು ತೆರೆದಿಟ್ಟುಕೊಂಡರೆ ಕೆಪ್ಲಿಂಗರನ ಚಿಮಟ, ದಾರ ಯಾವುದೂ ಬೇಡ. ಹಿಡಿಯುವ ದಾರಿಯೂ ಅದೇ ಕಾರ್ಯಕ್ರಮದಲ್ಲಿದೆ. ಆಡಿದ ಆಟವನ್ನು ಅದಕ್ಕೆ ಕೊಟ್ಟರೆ ಒಂದೊಂದು ನಡೆಯಲ್ಲೂ ಆದ ತಪ್ಪಿನ ಪ್ರಮಾಣ ಹೇಳುತ್ತದೆ. ಆಟ ಆಟಕ್ಕೂ ತಪ್ಪೇ ಇಲ್ಲದವನು ಮನುಷ್ಯನಾಗಿ ಆಡುತ್ತಿಲ್ಲ ಎಂದು ತಿಳಿಯಬಹುದು.

ಅದಕ್ಕೇ ಇರಬೇಕು, ಎದುರುಬದುರು ಕೂತು ಆಡುವ ಶೂಯೆಟ್ ಆಟದ ಮೇಲೆ ಹಣದ ಆಟಗಾರರಿಗೆ ಇನ್ನೂ ಪ್ರೀತಿ. ಒಬ್ಬ ಒಂದು ಕಡೆ, ಉಳಿದವರೆಲ್ಲ ಸೇರಿ ಇನ್ನೊಂದು ಕಡೆ. ಗುಂಪಿನ ನಾಯಕ ಕಾಯಿ ನಡೆಸುತ್ತಾನೆ, ಜೊತೆಗಾರರು ಸಲಹೆ ಕೊಡಬಹುದು. ಯಾವಾಗ ಕೊಡಬಹುದು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಾಯಕ ಒಂಟಿ ಆಟಗಾರನ ಜೊತೆ ಒಳಗೊಳಗೇ ಸೇರಿಕೊಂಡು ಸೋಲುವ ಅಪಾಯ ಇಲ್ಲಿದೆ, ಅನೇಕ ಕಡೆ ಒಬ್ಬೊಬ್ಬರ ಮುಂದೆಯೂ ಒಂದೊಂದು ಕ್ಯೂಬು ಇಡುವುದರಿಂದ ಅದು ಕಡಿಮೆಯಾಗುತ್ತದೆ. ಆಟದಿಂದ ಆಟಕ್ಕೆ ಲೆಕ್ಕ ಒಂದು ಹಾಳೆಯ ಮೇಲೆ ಏರುತ್ತದೆ, ಗೆದ್ದವರಿಗೆ ಕೂಡು, ಸೋತವರಿಗೆ ಕಳೆ. ಎಲ್ಲರ ಸಾಲುಗಳನ್ನು ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಯಾವ ಆಟದಲ್ಲಿ ತಪ್ಪಿತು ಎಂದು ಹುಡುಕಬೇಕು, ಅದು ಸಿಗುವವರೆಗೆ ಮುಂದಿನ ದಾಳ ಉರುಳಿಸುವಂತಿಲ್ಲ.