ಊರ ಕಾವಲಿಗೆ ಬಡಿಗಿ ಬೇಡ, ವಹಿ ಬೇಕು

2018ರ ಫೆಬ್ರುವರಿ. ಕಡಲೆ ರಾಶಿ ಮುಗಿಸಿ, ಚೀಲ ಹೊಲಿದು ಹೊಲದಲ್ಲೇ ಒಟ್ಟಿದ್ದೆ. ಬರುತ್ತೇನೆಂದಿದ್ದ ಟ್ರ್ಯಾಕ್ಟರಿನವ ಸಂಜೆಯಾದರೂ ಬರಲಿಲ್ಲ. ಕಾಯಲು ಕುಂತಿದ್ದ ಮಗ ನಸುಕಿನ ಥಂಡಿಗೆ ಕಂಬಳಿ ಹೊದ್ದವನು ಹಾಗೇ ಮಲಗಿಬಿಟ್ಟ. ಬೆಳಗಾಗಿ ಎಣಿಸಿದರೆ ನಾಲ್ಕು ಚೀಲ ಕಡಿಮೆ. ಮಳೆ ನಂಬಿ ಬಿತ್ತುವ ನಮ್ಮಂಥವರಿಗೆ ನಾಲ್ಕು ಚೀಲ ಕಡಲೆ ಅಂದರೆ ಬೀಜ ಗೊಬ್ಬರದ ಅಂಗಡಿಯ ಬಾಕಿ ತೀರಿಸುವ ದುಡ್ಡು. ಅದೇ ಹಂಗಾಮಿನಲ್ಲಿ ಬದುವಿಗೆ ಹತ್ತಿದ ಹೊಲದವರ ಬೋರಿನ ವೈರನ್ನು ತಾಮ್ರದ ಆಸೆಗೆ ಕತ್ತರಿಸಿಕೊಂಡು ಹೋದರು. ಹಟ್ಟಿಯಿಂದ ಮೂರು ಕುರಿ ಹೋದವು.

ರಾಮದುರ್ಗ ತಾಲೂಕಿನ ನಮ್ಮಂಥ ಊರುಗಳಲ್ಲಿ ಹೊಲಗಳು ದೂರ ದೂರ ಇರುತ್ತವೆ. ಜೋಳ, ಕಡಲೆ ಕೈಗೆ ಬರುವ ಹೊತ್ತಿಗೆ ಮಾಲು ಊರಲ್ಲಿ ಇರುವುದಿಲ್ಲ, ಬಯಲಲ್ಲಿ ಇರುತ್ತದೆ. ಒಬ್ಬೊಬ್ಬರೇ ಕಾಯುತ್ತ ಕುಂತರೆ ಹಗಲು ದುಡಿದ ಮೈಗೆ ನಿದ್ದೆ ಬಂದೇ ಬರುತ್ತದೆ. ಅದಕ್ಕೆ ಊರಲ್ಲಿ ಪಾಳಿಯ ಕಾವಲು ಮಾಡೋಣ ಅಂತ ಹೊರಟೆವು. ಅದರಲ್ಲಿ ಒಂದು ದೊಡ್ಡ ತಪ್ಪೂ ಮಾಡಿದೆವು. ನಾವು ಮಾಡಿದ್ದು, ಕೆಡಿಸಿದ್ದು, ತಿದ್ದಿಕೊಂಡಿದ್ದು ಮೂರನ್ನೂ ಬರೆಯುತ್ತೇನೆ.

ಮೊದಲು ತಳವಾರ ಇದ್ದ

ಊರು ಕಾಯುವುದು ನಮಗೆ ಹೊಸದೇನಲ್ಲ. ಹಿಂದೆ ಗೌಡ, ಕುಲಕರ್ಣಿ ಇದ್ದಂತೆ ತಳವಾರ, ವಾಲೀಕಾರ, ಶೇತಸನದಿ ಇದ್ದರು. ರಾತ್ರಿ ಊರು ತಿರುಗುವುದು, ಬಂದವರು ಹೋದವರು ಯಾರೆಂದು ನೋಡುವುದು ತಳವಾರನ ಕೆಲಸ. ಅದಕ್ಕೆ ಅವನಿಗೆ ವತನದ ಹೊಲ, ರಾಶಿಯಲ್ಲಿ ಪಾಲು. ಕಳವಾದರೆ ಹೆಜ್ಜೆ ಹಿಡಿದು ಹೋಗುತ್ತಿದ್ದ, ಹೆಜ್ಜೆ ಯಾವ ಊರ ಸೀಮೆ ದಾಟಿತೋ ಅಲ್ಲಿಂದ ಮುಂದೆ ಆ ಊರವರೇ ಜವಾಬು ಕೊಡಬೇಕಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿ, 1963ರಿಂದ ವತನಗಳು ಹೋದವು. ಹುಟ್ಟಿನಿಂದ ಬರುತ್ತಿದ್ದ ಆ ಚಾಕರಿ ಹೋಗಿದ್ದು ಒಳ್ಳೆಯದೇ. ಆದರೆ ಅವರು ಮಾಡುತ್ತಿದ್ದ ಕಾವಲಿನ ಕೆಲಸವನ್ನು ಊರವರು ಯಾರೂ ಹಂಚಿಕೊಳ್ಳಲಿಲ್ಲ.

ಸರಕಾರದಲ್ಲಿ ದಾರಿ ಇಲ್ಲ ಅಂತಲ್ಲ. ಗ್ರಾಮ ರಕ್ಷಣಾ ದಳಗಳಿಗೆ ನಮ್ಮ ರಾಜ್ಯದಲ್ಲಿ 1964ರಲ್ಲೇ ಕಾಯ್ದೆ ಆಗಿದೆ. 2017ರಲ್ಲಿ ಪೊಲೀಸರು ಹೊಸ ಬೀಟ್ ಪದ್ಧತಿ ತಂದು, ಒಂದೊಂದು ಬೀಟಿಗೆ ಒಬ್ಬ ಪೊಲೀಸರನ್ನು ಹಚ್ಚಿ, ಊರಿನ ಜನರನ್ನೂ ಸದಸ್ಯರನ್ನಾಗಿ ಮಾಡಿಕೊಂಡರು. ನಮ್ಮೂರಲ್ಲೂ ಹೆಸರು ಬರೆದುಕೊಂಡು ಹೋಗಿದ್ದರು. ಹೆಸರು ಕೊಟ್ಟ ನಾವೇ ಅದನ್ನು ಮರೆತಿದ್ದೆವು.

ಪಾಳಿ ಕಟ್ಟಿದ್ದು

ಕಡಲೆ ಹೋದ ವಾರವೇ ಹನುಮಂತದೇವರ ಗುಡಿ ಕಟ್ಟೆಯ ಮೇಲೆ ಕೂಡಿದೆವು. ಇಪ್ಪತ್ತನಾಲ್ಕು ಜನ ಒಪ್ಪಿದರು. ರಾತ್ರಿಗೆ ನಾಲ್ವರು ಅಂದರೆ ಒಬ್ಬನಿಗೆ ಆರು ದಿನಕ್ಕೊಮ್ಮೆ ಪಾಳಿ. ಇಬ್ಬರು ಊರ ಮಗ್ಗುಲಿಗೆ, ಇಬ್ಬರು ಹೊಲದ ದಾರಿಗೆ. ಹತ್ತು ಗಂಟೆಗೆ ಶುರು, ಐದಕ್ಕೆ ಮುಗಿತಾಯ. ಎರಡು ಬ್ಯಾಟರಿ, ಎರಡು ಸೀಟಿ. ಉಳಿದ ಸಾಮಾನು ಅಂದರೆ ಅವರವರ ಬಡಿಗಿ.

ಮಾರ್ಚ್ ಮುಗಿಯುವವರೆಗೆ ಚಲೋ ನಡೆಯಿತು. ಒಂದು ರಾತ್ರಿ ದೀಪ ಆರಿಸಿಕೊಂಡು ಹಳ್ಳದ ದಾರಿ ಹಿಡಿದಿದ್ದ ಗೂಡ್ಸ್ ಗಾಡಿ ನಮ್ಮ ಬ್ಯಾಟರಿ ಬೆಳಕು ಕಂಡದ್ದೇ ತಿರುಗಿಸಿಕೊಂಡು ಹೋಯಿತು. ಆ ಹಂಗಾಮಿನಲ್ಲಿ ಮತ್ತೆ ಕಳವು ಆಗಲಿಲ್ಲ. ರಾಶಿ ಎಲ್ಲ ಮನೆ ಸೇರಿದ ಮೇಲೆ ಪಾಳಿ ನಿಲ್ಲಿಸಿದೆವು.

ಕೆಟ್ಟದ್ದು ಎಲ್ಲಿ

ಆ ವರ್ಷ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತು. ಯಾವ ಊರಿನ ಚಿತ್ರವೋ, ಯಾರು ಕಳಿಸಿದ್ದೋ, ಎಲ್ಲರ ಮೊಬೈಲಿನಲ್ಲೂ ಅದೇ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕನನ್ನು ಇದೇ ಸಂಶಯದ ಮೇಲೆ ಜನ ಬಡಿದು ಕೊಂದರು. ಅದನ್ನು ಕೇಳಿ ನಾವು ತಿಳಿಯಬೇಕಿತ್ತು, ತಿಳಿಯಲಿಲ್ಲ. ಜೂನಿನಲ್ಲಿ ಮತ್ತೆ ಪಾಳಿ ಶುರು ಮಾಡಿದೆವು. ಈ ಸಲ ನಾಲ್ವರಲ್ಲ, ಹದಿನೈದು ಇಪ್ಪತ್ತು ಜನ. ಕರೆಯದವರೂ ಬಡಿಗಿ ಹಿಡಿದು ಬಂದರು. ಮೊದಲು ನಾವು ಮಾಲು ಕಾಯುತ್ತಿದ್ದೆವು. ಈಗ ಕಳ್ಳನನ್ನು ಹುಡುಕುತ್ತಿದ್ದೆವು. ಎರಡೂ ಒಂದೇ ಅಲ್ಲ ಅಂತ ಆಗ ಹೊಳೆಯಲಿಲ್ಲ.

ಒಂದು ರಾತ್ರಿ ಎರಡರ ಸುಮಾರಿಗೆ ಹಳ್ಳದ ದಂಡೆಯಲ್ಲಿ ಒಬ್ಬ ಬರುತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ. "ಯಾಂವಲೇ ಅಂವಾ, ನಿಂದ್ರ" ಅಂತ ಒದರಿದೆವು. ಇಷ್ಟು ಮಂದಿ ಬಡಿಗಿ ಹಿಡಿದು ಬರುವುದನ್ನು ಕಂಡು ಅವನು ಅಂಜಿ ಓಡಿದ. ಓಡಿದ ಅಂದ ಮೇಲೆ ಕಳ್ಳನೇ ಅಂತ ನಾವೂ ಬೆನ್ನು ಹತ್ತಿದೆವು. ಬದುವಿನ ಹತ್ತಿರ ಎಡವಿ ಬಿದ್ದ. ಮೊದಲನೇ ಪೆಟ್ಟು ಹಾಕಿದವನು ನಾನು. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯಬೇಕು. ನನ್ನದು ನೋಡಿ ಮತ್ತಿಬ್ಬರು ಎತ್ತಿದರು.

"ಹೊಡಿಬ್ಯಾಡ್ರಿ ಯಪ್ಪಾ, ಎತ್ತ ಹುಡುಕಾಕ ಬಂದೇನ್ರಿ" ಅಂತ ಅಳುತ್ತಿದ್ದ. ಯಾರೂ ಕೇಳಲಿಲ್ಲ. ಅಲ್ಲೇ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಮುದುಕ ಗದ್ದಲ ಕೇಳಿ ಎದ್ದು ಬಂದ. ನಮ್ಮನ್ನು ಸರಿಸಿ ಅವನ ಹತ್ತಿರ ಕುಂತು ಕೇಳಿದ.

"ಎತ್ತಿನ ಬಣ್ಣ ಯಾವುದೋ ತಮ್ಮಾ?"

"ಬಿಳೇದರಿ ಯಜ್ಜಾ, ಖಿಲಾರಿ. ಎಡಗೋಡು ತುದಿ ಮುರದೈತಿ. ನಿನ್ನೆ ಸಂತ್ಯಾಗ ತಂದಿದ್ನಿ, ಹಗ್ಗ ಹರಕೊಂಡು ಹೋಗೇತಿ."

"ಹೊತ್ತು ಮುಳಗೂ ಮುಂದ ಹಳ್ಳ ದಾಟಿ ಹೋತು. ನಾನ ನೋಡೇನಿ" ಅಂದ ಮುದುಕ. ಆಮೇಲೆ ನನ್ನ ಕಡೆ ತಿರುಗಿ, "ಕೇಳಾಕ ಬಾಯಿ ಇತ್ತಲ್ಲೋ, ಕೈ ಯಾಕ ಮೊದಲ ಹೋತು?" ಅಂದ.

ಹೊಸದಾಗಿ ಕೊಂಡ ಎತ್ತು ಹಳೆಯ ಮನೆಯ ದಾರಿ ಹಿಡಿಯುತ್ತದೆ ಅಂತ ಯಾವ ರೈತನಿಗೆ ಗೊತ್ತಿಲ್ಲ? ಅಲ್ಲಿದ್ದ ನಾವೆಲ್ಲ ರೈತರೇ. ಕೈಯಲ್ಲಿ ಹಗ್ಗ ಕಂಡಾಗ ಎತ್ತು ನೆನಪಾಗಲಿಲ್ಲ, ಕಳ್ಳ ನೆನಪಾದ. ಬೆಳಗಿನ ಜಾವ ಅವನನ್ನು ಗಾಡಿಯಲ್ಲಿ ದವಾಖಾನೆಗೆ ಒಯ್ದೆವು. ಭುಜ ಬಾತಿತ್ತು, ಎಲುಬು ಮುರಿದಿರಲಿಲ್ಲ. ಎತ್ತು ಹುಡುಕಿ, ಅವನ ಊರ ತನಕ ಹೊಡೆದು ಕೊಟ್ಟು ಬಂದೆವು. ಅವನು ಕೇಸು ಮಾಡಲಿಲ್ಲ. ಮಾಡಿದ್ದರೆ ತಪ್ಪು ನಮ್ಮದೇ ಇತ್ತು.

ತಿಂಗಳು ಕಳೆಯುವುದರೊಳಗೆ, 2018ರ ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ಪೇಪರಿನಲ್ಲಿ ಬಂತು. ಹೈದರಾಬಾದಿನಿಂದ ಬಂದ ಯುವಕರು ಸಾಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದೇ ನೆವ. ಮಕ್ಕಳ ಕಳ್ಳರು ಅಂತ ಮೊಬೈಲಿನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ದಾರಿ ಕಟ್ಟಿ ಹೊಡೆದರು. ಒಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಹೊಡೆದವರೂ ನಮ್ಮಂಥ ಊರವರೇ. ಆ ಮುದುಕ ಎದ್ದು ಬರದಿದ್ದರೆ ನಮ್ಮೂರ ಹೆಸರೂ ಹಾಗೇ ಪೇಪರಿನಲ್ಲಿ ಬರುತ್ತಿತ್ತು.

ತಿದ್ದಿಕೊಂಡ ನಿಯಮಗಳು

ಮತ್ತೆ ಕಟ್ಟೆಯ ಮೇಲೆ ಕುಂತೆವು. ಕಾವಲು ಬಿಟ್ಟೇಬಿಡೋಣ ಅಂದವರಿದ್ದರು. ಬಿಡುವುದು ಬೇಡ, ಸರಿ ಮಾಡೋಣ ಅಂತಾಯಿತು. ಈಗ ನಡೆಸುವ ರೀತಿ ಇದು.

1. ಬಡಿಗಿ ಇಲ್ಲ. ಬ್ಯಾಟರಿ, ಸೀಟಿ, ಮೊಬೈಲ್, ಒಂದು ವಹಿ, ಪೆನ್ನು. ನಾಯಿಗೆ ಅಂಜಿದರೆ ಒಂದು ಕೋಲು ಸಾಕು, ಅದೂ ಇಬ್ಬರಲ್ಲಿ ಒಬ್ಬನಿಗೆ.

2. ಪಾಳಿಯವರು ನಾಲ್ವರೇ. ಹೆಚ್ಚಿಗೆ ಬಂದವರನ್ನು ಮನೆಗೆ ಕಳಿಸುವುದು. ಗುಂಪು ದೊಡ್ಡದಾದಷ್ಟೂ ಬುದ್ಧಿ ಸಣ್ಣದಾಗುತ್ತದೆ. ಕುಡಿದವರಿಗೆ ಪಾಳಿ ಇಲ್ಲ.

3. ಎಲ್ಲ ಓಣಿ, ಎಲ್ಲ ಕೇರಿಯವರೂ ಇರಬೇಕು. ಮೊದಲ ವರ್ಷ ನಮ್ಮದೇ ಎರಡು ಓಣಿಯವರಿದ್ದೆವು, ಸಂಶಯವೆಲ್ಲ ಉಳಿದವರ ಮೇಲೆ. ಕುರಿಗಾರರನ್ನು ಸೇರಿಸಿಕೊಂಡಿದ್ದು ಬಹಳ ಉಪಯೋಗ. ರಾತ್ರಿ ಹೊಲದಲ್ಲಿ ಇರುವವರೇ ಅವರು.

4. ಯಾರು ಸಿಕ್ಕರೂ ದೂರ ನಿಂತು ಹೆಸರು, ಊರು, ಬಂದ ಕೆಲಸ ಕೇಳುವುದು. ಕೇಳಿದ್ದನ್ನು ಹೊತ್ತು ಹಾಕಿ ವಹಿಯಲ್ಲಿ ಬರೆಯುವುದು. ಗಾಡಿ ಇದ್ದರೆ ನಂಬರು. ಓಡಿದರೆ ಓಡಲಿ, ಬೆನ್ನು ಹತ್ತುವುದಿಲ್ಲ. ಯಾವ ದಿಕ್ಕಿಗೆ ಹೋದ ಅಂತ ಬರೆದು 112ಕ್ಕೆ ಫೋನು.

5. ಮೊಬೈಲಿಗೆ ಬಂದ ಸುದ್ದಿಯನ್ನು ಬೀಟಿನ ಪೊಲೀಸರನ್ನು ಕೇಳದೆ ಮುಂದೆ ಕಳಿಸುವುದಿಲ್ಲ.

6. ಪಾಳಿಯವರ ಹೆಸರಿನ ಪಟ್ಟಿ ಠಾಣೆಯಲ್ಲಿ ಕೊಟ್ಟಿದ್ದೇವೆ. ಬೀಟಿನವರು ಬಂದಾಗ ವಹಿ ನೋಡಿ ಸಹಿ ಹಾಕುತ್ತಾರೆ.

ಮೂರನೇ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಅಲೆಮಾರಿ ಜನರನ್ನು ಕಂಡರೆ ಕಳ್ಳರು ಅನ್ನುವ ಚಾಳಿ ನಮ್ಮಲ್ಲಿ ಹಳೆಯದು. ಇಂಗ್ಲಿಷರು 1871ರಲ್ಲಿ ಕಾಯ್ದೆ ಮಾಡಿ ಜಾತಿ ಜಾತಿಗಳನ್ನೇ ಅಪರಾಧಿಗಳು ಅಂತ ಬರೆದಿಟ್ಟರು, ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. ಹುಬ್ಬಳ್ಳಿ, ಗದಗಿನಲ್ಲಿ ಸೆಟ್ಲಮೆಂಟ್ ಅನ್ನುವ ಹೆಸರು ಇನ್ನೂ ಇದೆ. ಆ ಕಾಯ್ದೆ 1952ರಲ್ಲಿ ರದ್ದಾಯಿತು. ನಮ್ಮ ತಲೆಯಿಂದ ಇನ್ನೂ ಪೂರ್ತಿ ಹೋಗಿಲ್ಲ. ಊರ ಹೊರಗೆ ಬಿಡಾರ ಹಾಕಿದವರ ಹತ್ತಿರ ಹಗಲಿನಲ್ಲೇ ಹೋಗಿ ಮಾತಾಡಿಸಿ ಬಂದರೆ ರಾತ್ರಿಯ ಸಂಶಯ ಅರ್ಧ ಇಳಿಯುತ್ತದೆ.

ಕಾಯ್ದೆ ಎಷ್ಟು ಬಿಡುತ್ತದೆ

2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಬಂದಿವೆ. ಜಾಮೀನು ಸಿಗದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ನಮ್ಮ ಕಣ್ಣೆದುರಿಗೇ ನಡೆದರೆ ನಮ್ಮಂಥವರೂ ಹಿಡಿಯಬಹುದು. ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರ ಕೈಗೆ ಕೊಡಬೇಕು. ಕಟ್ಟಿಹಾಕಿ ಹೊಡೆಯಲು, ತಲೆ ಬೋಳಿಸಲು, ದಂಡ ಹಾಕಲು ಯಾರಿಗೂ ಹಕ್ಕಿಲ್ಲ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿಗೆ ಪೊಲೀಸರೂ ವಾರಂಟಿಲ್ಲದೆ ಹಿಡಿಯುವಂತಿಲ್ಲ. ಕತ್ತಲಲ್ಲಿ ನಿಂತು ಮಾಲಿನ ಬೆಲೆ ಕಟ್ಟಲು ನಮಗೆ ಬರುವುದಿಲ್ಲ. ಅದಕ್ಕೇ ಹಿಡಿಯುವ ಗೋಜು ಬೇಡ, ನೋಡಿ ಬರೆದು ಫೋನು ಮಾಡುವುದೇ ಸರಿ ಅನ್ನುವುದು. ಐವರು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಒಬ್ಬನನ್ನು ಕೊಂದರೆ ಒಬ್ಬೊಬ್ಬರಿಗೂ ಗಲ್ಲು ಅಥವಾ ಜೀವಾವಧಿ ಶಿಕ್ಷೆ ಇದೆ.

ಕಳವಾದರೆ ಬರವಣಿಗೆಯಲ್ಲೇ ಫಿರ್ಯಾದಿ ಕೊಡಿ. ಎಫ್ಐಆರ್ ಪ್ರತಿ ಬಿಟ್ಟಿಯಾಗಿ ಕೊಡಬೇಕು, ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ನನ್ನ ಕಡಲೆಗೆ ನಾನು ಫಿರ್ಯಾದಿ ಕೊಡಲೇ ಇಲ್ಲ. "ಹೋದದ್ದು ಬರತೈತೇನು" ಅಂತ ಸುಮ್ಮನಾದೆ. ಕಾಗದದಲ್ಲಿ ಇಲ್ಲದ ಕಳವು ಪೊಲೀಸರ ಲೆಕ್ಕದಲ್ಲೂ ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದ ಊರಿಗೆ ಅವರು ಯಾಕೆ ಹೆಚ್ಚು ಬರುತ್ತಾರೆ?

ಮಾಲಿಗೆ ಗುರುತು

ಸಿಕ್ಕ ಮಾಲು ನನ್ನದೇ ಅಂತ ತೋರಿಸಲು ಗುರುತು ಬೇಕು. ಪಂಪು, ಸ್ಟಾರ್ಟರ್ ಪೆಟ್ಟಿಗೆಗೆ ವೆಲ್ಡಿಂಗಿನವನ ಹತ್ತಿರ ನಿಮ್ಮದೊಂದು ಗುರುತು ಹಾಕಿಸಿ. ಕೊಂಡ ರಸೀದಿ ಇಡಿ. ಚೀಲಗಳ ಮೇಲೆ ಬಣ್ಣದಿಂದ ಹೆಸರು ಬರೆಯಿರಿ. ದನಗಳಿಗೆ ಪಶು ಇಲಾಖೆಯವರು ಹಾಕುವ ಹನ್ನೆರಡು ಅಂಕಿಯ ಕಿವಿಬಿಲ್ಲೆ ಹಾಕಿಸಿ, ನಂಬರು ಮನೆಯಲ್ಲಿ ಬರೆದಿಡಿ. ಎತ್ತು, ಎಮ್ಮೆಯ ಫೋಟೋ ಮೊಬೈಲಿನಲ್ಲಿ ಇರಲಿ. ಎಲ್ಲಕ್ಕಿಂತ ದೊಡ್ಡದು, ರಾಶಿ ಮುಗಿಯುವ ದಿನ ಗಾಡಿ ಗಟ್ಟಿ ಮಾಡಿಕೊಂಡೇ ರಾಶಿಗೆ ಕೈ ಹಚ್ಚುವುದು. ಅಕ್ಕಪಕ್ಕದ ಹೊಲದವರು ಒಂದೇ ದಿನ ರಾಶಿ ಇಟ್ಟುಕೊಂಡರೆ ಒಂದೇ ಕಾವಲು ಸಾಕು.

ಫಲ ಏನು

ಕಳವು ಪೂರ್ತಿ ನಿಂತಿದೆ ಅಂತ ಹೇಳಲಾರೆ. ಪಾಳಿ ಇಲ್ಲದ ತಿಂಗಳಲ್ಲಿ ಒಮ್ಮೆ ವೈರು ಹೋಗಿದೆ. ರಾಶಿಯ ದಿನಗಳಲ್ಲಿ ಮಾತ್ರ ಮತ್ತೆ ಚೀಲ ಹೋಗಿಲ್ಲ. ಪಕ್ಕದೂರಿನ ಕುರಿ ಕಳವಿನಲ್ಲಿ ನಮ್ಮ ವಹಿಯಲ್ಲಿದ್ದ ಗಾಡಿ ನಂಬರು ಪೊಲೀಸರಿಗೆ ಉಪಯೋಗಕ್ಕೆ ಬಂತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರವರು ಉಟ್ಟ ಬಟ್ಟೆಯಲ್ಲಿ ಗಂಜಿ ಕೇಂದ್ರ ಸೇರಿದಾಗ, ನಮ್ಮ ಪಾಳಿಯವರೇ ಹೋಗಿ ಬೀಗರ ಖಾಲಿ ಮನೆ, ದಿಬ್ಬದ ಮೇಲೆ ಕಟ್ಟಿದ ದನ ಕಾದು ಬಂದರು. ಪಾಳಿ ಮೊದಲೇ ಇದ್ದುದರಿಂದ ಯಾರು ಹೋಗಬೇಕು ಅನ್ನುವ ಪ್ರಶ್ನೆಯೇ ಬರಲಿಲ್ಲ.

ಖರ್ಚು ಅಂದರೆ ಬ್ಯಾಟರಿ ಸೆಲ್ಲು, ವಹಿ, ಚಹಾ ಪುಡಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕುತ್ತೇವೆ. ಕಷ್ಟ ಇರುವುದು ಬೇಸರದಲ್ಲಿ. ಏನೂ ಆಗದ ರಾತ್ರಿಗಳೇ ಹೆಚ್ಚು, ಹುಡುಗರು ಪಾಳಿ ತಪ್ಪಿಸುತ್ತಾರೆ. ಅದಕ್ಕೆ ವರ್ಷವಿಡೀ ನಡೆಸುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಹಿಂಗಾರಿ ರಾಶಿಗೆ, ಮುಂದೆ ಹೆಸರು ಬಿಡಿಸುವ ಹೊತ್ತಿಗೆ ಕೆಲವು ವಾರ, ಅಷ್ಟೇ.

ಪ್ರತಿ ಹಂಗಾಮಿನ ಮೊದಲ ರಾತ್ರಿ ವಹಿಯ ಮೊದಲ ಪುಟ ಎಲ್ಲರೆದುರು ಓದುತ್ತೇವೆ. "ಮೊದಲು ಹೆಸರು ಕೇಳು, ಊರು ಕೇಳು. ಕೈ ಎತ್ತಬೇಡ" ಅಂತ ಅಲ್ಲಿ ಬರೆದಿದೆ. ಅದನ್ನು ಓದುವ ಕೆಲಸ ನನಗೇ ಬಿಟ್ಟಿದ್ದಾರೆ.

ನಿಮ್ಮೂರಲ್ಲಿ ಕಾವಲು ಬೇರೆ ರೀತಿಯಲ್ಲಿ ನಡೆಸುತ್ತಿದ್ದರೆ ಪತ್ರಿಕೆಗೆ ಬರೆಯಿರಿ. ನಮಗೂ ಕಲಿಯುವುದಿದೆ.