ಸುಳಿಯೂ ಕಾಲೂ: ಆನೆಗೊಂದಿ ಪರಿಸರದ ಕುದುರೆ ವ್ಯಾಪಾರ ಮತ್ತು ಅಶ್ವಲಕ್ಷಣದ ಓದು

ಪ್ರಾಚೀನ ಅಶ್ವಶಾಸ್ತ್ರಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಸುಳಿ ಮತ್ತು ಬಣ್ಣಗಳ ಶುಭಾಶುಭ ವಿಚಾರದಲ್ಲಿಯೇ ನಿಂತುಬಿಡುತ್ತದೆ. ಕೊರಳಿನ ‘ದೇವಮಣಿ’ ಸುಳಿ ಒಡೆಯನಿಗೆ ಶ್ರೇಯಸ್ಸನ್ನು ತರುತ್ತದೆಂಬಂತಹ ಮಾತುಗಳು ಆಧುನಿಕ ಓದುಗನಿಗೆ ಮೂಢನಂಬಿಕೆಯಾಗಿ ಕಾಣುವುದು ಸಹಜ. ಆದರೆ ಅದೇ ಗ್ರಂಥಗಳು ಹಲ್ಲಿನಿಂದ ವಯಸ್ಸನ್ನೂ ಅಂಗಗಳ ರಚನೆಯಿಂದ ಬಲಾಬಲವನ್ನೂ ತಿಳಿಯುವ ಬಗೆಯನ್ನು ಹೇಳುತ್ತವೆ. ಸುಳಿಯೊಡನೆ ಇದನ್ನೂ ಬದಿಗೆ ಸರಿಸಿದರೆ, ಕುದುರೆಯನ್ನು ಹಣ ಕೊಟ್ಟು ಕೊಂಡವರ ಅನುಭವವೇ ಪಠ್ಯದಿಂದ ಮರೆಯಾಗುತ್ತದೆ.

ಇಂದಿನ ಕೊಪ್ಪಳ ಜಿಲ್ಲೆಯ ಪರಿಸರ ಈ ವಿಚಾರಕ್ಕೆ ಹೊರಗಿನದಲ್ಲ. ಯಲಬುರ್ಗಾ ಹಿಂದೆ ಎರಂಬರಗೆಯೆಂಬ ಹೆಸರಿನಿಂದ ಸಿಂದರ ರಾಜಧಾನಿಯಾಗಿತ್ತು. ಆ ಸಿಂದರ ಪ್ರಭುಗಳಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿ ಬಂದಿದೆ. ಕೀರ್ತಿವರ್ಮನ ‘ಗೋವೈದ್ಯ’, ಅಭಿನವಚಂದ್ರನ ‘ಅಶ್ವವೈದ್ಯ’ಗಳು ಪಶುಜ್ಞಾನವನ್ನು ಕನ್ನಡಕ್ಕೆ ತಂದ ಕೃತಿಗಳು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಂತೂ ವಿಜಯನಗರ ಪಟ್ಟಣಕ್ಕೆ ಹೊಳೆಯಾಚೆಯ ನೆರೆ. ದಕ್ಷಿಣ ಭಾರತದ ದೊಡ್ಡ ಕುದುರೆ ಗಿರಾಕಿಯಾಗಿದ್ದ ಅರಮನೆ ಇದ್ದುದು ಎದುರಿನ ದಂಡೆಯಲ್ಲಿ. ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಕುದುರೆಗಳೂ ಅವುಗಳನ್ನು ಹಿಡಿದು ನಡೆಸುವ ವಿದೇಶೀಯರೂ ಕಾಣಿಸುತ್ತಾರೆ. ಆನೆ ಕುದುರೆಗಳನ್ನು ತರುವ ವರ್ತಕರು ಶತ್ರುಗಳ ಪಾಲಾಗದಂತೆ ಅವರನ್ನು ಆದರಿಸಬೇಕೆಂಬ ರಾಜನೀತಿಯನ್ನು ಕೃಷ್ಣದೇವರಾಯನು ‘ಆಮುಕ್ತಮಾಲ್ಯದ’ದಲ್ಲಿ ಹೇಳಿದ್ದಾನೆ.

ಬೆಲೆಯ ಬಗ್ಗೆ ನೂನಿಜ್‌ನ ಬರಹ ಮುಖ್ಯ ಆಧಾರ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಈ ಪೋರ್ಚುಗೀಸನು ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ಹೇಳಲಾಗಿದೆ. ಅವನ ಪ್ರಕಾರ ಸಾಳುವ ನರಸಿಂಹನು ಹೊರ್ಮುಜ್‌ನ ಕುದುರೆಗಳನ್ನು ಸಾವಿರ ಪರ್ದಾವೊಗೆ ಮೂರರಂತೆ ಕೊಳ್ಳುತ್ತಿದ್ದನು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ ಸಲ್ಲುತ್ತಿತ್ತು. ತನ್ನ ಕಾಲದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ನಾಡಕುದುರೆಗಳನ್ನು ಸಾವಿರಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದನೆಂದೂ ಅವನು ಬರೆಯುತ್ತಾನೆ. ಇವು ಬೇರೆ ಬೇರೆ ಕಾಲದ ದರಗಳಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಒಂದು ಅಂಶ ಸ್ಪಷ್ಟ. ಬಾಲಕ್ಕೂ ಬೆಲೆ ಸಲ್ಲುವಲ್ಲಿ ಕೊಳ್ಳುವವನಿಗೆ ಕಾಲನ್ನು ಪರೀಕ್ಷಿಸುವ ಅವಕಾಶವಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಲಾಯಕ್ಕೆ ಆರಿಸುವ ಘಟ್ಟದಲ್ಲಿ. ಐದರಲ್ಲೊಂದನ್ನು ಪಡೆಯುವ ನಾಯಕನ ನಷ್ಟವೂ ಅಲ್ಲಿಯೇ ನಿರ್ಧಾರವಾಗುತ್ತಿತ್ತು.

ಆರಿಸುವವನ ಕಣ್ಣು ಕಾಲಿಗೆ ಹೋಗಲು ಕಾರಣವಿದೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಎದುರಿನಿಂದ ನೋಡಿದಾಗ ಭುಜದ ತುದಿಯಿಂದ ಇಳಿಬಿಟ್ಟ ತೂಗುಗುಂಡಿನ ದಾರ ಮಂಡಿ, ಗೆಣ್ಣು, ಗೊರಸುಗಳನ್ನು ಸಮವಾಗಿ ಸೀಳುವಂತಿರಬೇಕು. ಗೊರಸಿನ ತುದಿ ಹೊರಕ್ಕೆ ತಿರುಗಿದ್ದರೆ ನಡೆಯುವಾಗ ಕಾಲು ಒಳಕ್ಕೆ ಬೀಸಿ ಇನ್ನೊಂದು ಕಾಲಿಗೆ ತಗಲುವ ಸಂಭವವಿದೆ. ಒಳಕ್ಕೆ ತಿರುಗಿದ್ದರೆ ಕಾಲು ಹೊರಕ್ಕೆ ಬೀಸುತ್ತದೆ. ಬದಿಯಿಂದ ನೋಡಿದಾಗ ಮಂಡಿ ತುಸು ಮುಂದಕ್ಕೆ ಬಾಗಿರುವುದನ್ನು ಸಹಿಸಬಹುದು, ಹಿಂದಕ್ಕೆ ಬಾಗಿರುವುದನ್ನು ಸಹಿಸಲಾಗದು. ಓಟದಲ್ಲಿ ಆ ಕೀಲಿನ ಮೂಳೆಗಳು ಜಜ್ಜಿಹೋಗುತ್ತವೆ. ಹಿಂಗಾಲು ಕುಡುಗೋಲಿನಂತೆ ಬಾಗಿದ್ದರೆ ಕೀಲಿನ ಹಿಂಬದಿಯ ಕಟ್ಟುಗಳ ಮೇಲೆ ಒತ್ತಡ ಹೆಚ್ಚು.

ಮರಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಎದೆ ಕಿರಿದಾದ ಮರಿಯ ಕಾಲುಗಳು ಸ್ವಲ್ಪ ಹೊರಕ್ಕೆ ತಿರುಗಿದ್ದರೂ ಎದೆ ಅಗಲವಾದಂತೆ ನೇರವಾಗುತ್ತವೆ. ಅದಕ್ಕಾಗಿ ಬೆಲೆ ಇಳಿಸುವವನು ಒಳ್ಳೆಯ ಮರಿಯನ್ನು ಕಳೆದುಕೊಳ್ಳಬಹುದು. ಗೆಣ್ಣಿನ ಸೊಟ್ಟನ್ನು ಗೊರಸು ಕೆತ್ತಿ ತಿದ್ದಲು ಮೊದಲ ಎರಡು ಮೂರು ತಿಂಗಳು ಮಾತ್ರ ಅನುಕೂಲ, ಮಂಡಿಯ ಸೊಟ್ಟಿಗೆ ಇನ್ನೂ ಕೆಲವು ತಿಂಗಳ ಅವಧಿ ಇರುತ್ತದೆ. ಹಾಗಾಗಿ ಒಂದೇ ದೋಷ ಎರಡು ತಿಂಗಳ ಮರಿಯಲ್ಲಿ ಚೌಕಾಸಿಯ ವಿಷಯ, ವರ್ಷದ ಮರಿಯಲ್ಲಿ ವ್ಯಾಪಾರ ಮುರಿಯುವ ವಿಷಯ. ನೋಡುವ ನೆಲವೂ ಗಣನೀಯ. ಯಲಬುರ್ಗಾ, ಕುಷ್ಟಗಿ ಕಡೆಯ ಮೆತ್ತನೆಯ ಎರೆಮಣ್ಣು ಕುಂಟನ್ನು ಮುಚ್ಚಬಲ್ಲದು, ಗಟ್ಟಿ ನೆಲದ ಮೇಲೆ ಓಡಿಸಿದಾಗ ಅದು ಹೊರಬೀಳುತ್ತದೆ. ಎತ್ತನ್ನು ನಡೆಸಿ ನೋಡದೆ ಕೊಳ್ಳದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿಂದ ಪ್ರಶ್ನೆ ಪಠ್ಯಸಂಪಾದನೆಗೆ ಬರುತ್ತದೆ. ಕುದುರೆಯ ಮುಂಗಾಲಿನಲ್ಲಿ ನಾವು ಮಂಡಿಯೆನ್ನುವ ಕೀಲು ರಚನೆಯಲ್ಲಿ ಮನುಷ್ಯನ ಮಣಿಕಟ್ಟಿಗೆ ಸಮ. ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿ ಕಾಣುವ ಕೀಲು ಹಿಮ್ಮಡಿಗೆ ಸಮ; ನಿಜವಾದ ಮಂಡಿ ಹೊಟ್ಟೆಯ ಬಳಿ ಮೇಲೆಯೇ ಇದೆ. ಹೀಗಿರುವಾಗ ಲಕ್ಷಣಪದ್ಯದ ‘ಜಾನು’, ‘ಜಂಘೆ’, ‘ಗುಲ್ಫ’ಗಳಿಗೆ ಮನುಷ್ಯದೇಹದ ಅರ್ಥವನ್ನೇ ಕೊಟ್ಟು ಮುಂದುವರಿದರೆ, ದೋಷ ಯಾವ ಕೀಲಿನದೆಂಬುದೇ ತಿಳಿಯದೆ ಪದ್ಯ ವರ್ಣನೆಯಾಗಿ ಉಳಿಯುತ್ತದೆ. ಕೋಶದ ನೆರವು ಇಲ್ಲಿ ಸಾಲದು. ದನಕುದುರೆಗಳಿಗೆ ಲಾಳ ಕಟ್ಟುವ ನಾಲಬಂದರು, ಸಂತೆಯ ದಲಾಲರು, ಹಳೆಯ ಟಾಂಗಾ ಹೊಡೆದವರು ಒಂದೊಂದು ಕೀಲನ್ನು ಮುಟ್ಟಿ ತೋರಿಸಿ ಹೆಸರಿಸಬಲ್ಲವರು. ಕೊಪ್ಪಳ, ಗಂಗಾವತಿಗಳ ಬೀದಿಗಳಲ್ಲಿ ಮೋಟಾರು ವಾಹನಗಳು ಟಾಂಗಾದ ಜಾಗವನ್ನು ಹಿಡಿದಿರುವುದರಿಂದ, ಈ ಪದಗಳನ್ನು ಪ್ರಾಣಿಯ ಎದುರಿಗೆ ನಿಂತು, ಚಿತ್ರಸಹಿತ ದಾಖಲಿಸುವ ಕ್ಷೇತ್ರಕಾರ್ಯ ಲಕ್ಷಣಗ್ರಂಥಗಳ ಸಂಪಾದನೆಗಿಂತ ಮೊದಲೇ ನಡೆಯಬೇಕಾಗಿದೆ.